ಪ್ರೋಟೀನ್ ಡಬ್ಬಿ ವಿಮರ್ಶೆ: ರುಚಿ ಆಮೇಲೆ, ಬ್ಯಾಚ್ ನಂಬರ್ ಮೊದಲು

ಕಾರವಾರದಲ್ಲಿ ನೋಡಿ, ಕುಮಟಾದಲ್ಲಿ ನೋಡಿ, ಘಟ್ಟ ಹತ್ತಿ ಶಿರಸಿಗೆ ಹೋಗಿ ನೋಡಿ, ಜಿಮ್ ಪಕ್ಕದ ಸಪ್ಲಿಮೆಂಟ್ ಅಂಗಡಿಯ ಕಪಾಟು ಹೆಚ್ಚುಕಮ್ಮಿ ಒಂದೇ ಥರ. ಮೇಲಿನ ಸಾಲಲ್ಲಿ ಹಾಲಿನಿಂದ ತೆಗೆದ ವೇ ಪ್ರೋಟೀನಿನ ದೊಡ್ಡ ಡಬ್ಬಿಗಳು, ನಡುವೆ ಪ್ರಿ-ವರ್ಕೌಟ್ ಮತ್ತು ಕ್ರಿಯಾಟಿನ್, ನೆಲಕ್ಕೆ ತಾಗಿ ಮಾಸ್ ಗೇನರ್ ಚೀಲ, ಗಲ್ಲೆಯ ಹತ್ತಿರ ಅಶ್ವಗಂಧ, ಶಿಲಾಜಿತ್, ಜಿನ್‌ಸೆಂಗ್. ಈ ವಿಮರ್ಶೆ ಇಡೀ ಕಪಾಟಿನದ್ದು, ಆದರೆ ಒಂದೇ ಬಗೆಯ ಗಿರಾಕಿಗಾಗಿ: ಇವತ್ತಲ್ಲ ನಾಳೆ ಉದ್ದೀಪನ ಮದ್ದಿನ ಪರೀಕ್ಷೆಗೆ ಬಾಟಲಿಗೆ ಮೂತ್ರ ಹಿಡಿದು ಕೊಡಬೇಕಾಗಬಹುದಾದ ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್ ಹುಡುಗ ಹುಡುಗಿಯರಿಗೆ. ಕನ್ನಡಿ ಮುಂದೆ ತೋಳು ನೋಡಿಕೊಳ್ಳಲು ಕುಡಿಯುವವರಿಗೆ ಇದರಲ್ಲಿ ಅರ್ಧ ಸಾಕು.

ಡಬ್ಬಿ ಕೈಗೆತ್ತಿಕೊಳ್ಳುವ ಮೊದಲು ಅಮೆರಿಕದ ಒಂದು ಲೆಕ್ಕ ನೋಡಿ. ಬೇಸ್‌ಬಾಲಿನ ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ತಂಡ 2021ರಲ್ಲಿ ಫರ್ನಾಂಡೊ ಟಾಟಿಸ್ ಜೂನಿಯರ್ ಜತೆ 14 ವರ್ಷಕ್ಕೆ 34 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ನಮ್ಮ ದುಡ್ಡಲ್ಲಿ 2,400 ಕೋಟಿ ರೂಪಾಯಿಗೂ ಮಿಕ್ಕಿ. ಮಣಿಕಟ್ಟು ಮುರಿದುಕೊಂಡು ಹೊರಗಿದ್ದವನು ಇನ್ನೇನು ಮೈದಾನಕ್ಕಿಳಿಯುತ್ತಾನೆ ಅನ್ನುವಷ್ಟರಲ್ಲಿ, 2022ರ ಆಗಸ್ಟ್ 12ರಂದು ಸುದ್ದಿ ಬಂತು: ಕ್ಲೋಸ್ಟೆಬಾಲ್ ಎಂಬ ಸ್ಟೆರಾಯ್ಡ್ ಸಿಕ್ಕಿದೆ, 80 ಪಂದ್ಯ ನಿಷೇಧ, ಆ ಅವಧಿಗೆ ಸಂಬಳವಿಲ್ಲ. ಅಭಿಮಾನಿಗಳಿಗೆ ಹಂಚಬೇಕಿದ್ದ ಅವನ ತಲೆ ಅಲ್ಲಾಡುವ ಗೊಂಬೆಯನ್ನು ತಂಡ ರದ್ದು ಮಾಡಿ, ಬದಲಿಗೆ ಅದೇ ತಂಡದ ಹ್ವಾನ್ ಸೋಟೊ ಹೆಸರಿನ ಟೀಶರ್ಟ್ ಕೊಟ್ಟಿತು. ಮುಂದಿನ ಏಪ್ರಿಲ್‌ನಲ್ಲಿ ಅವನು ಮರಳಿದಾಗ ತವರಿನ ಗ್ಯಾಲರಿ ಬೇಗ ಸಮಾಧಾನವಾಯಿತು, ಹೊರ ಊರಿನ ಗ್ಯಾಲರಿಗಳು ಮಾತ್ರ ‘ಮೋಸಗಾರ’ ಅಂತ ಕೂಗುತ್ತಲೇ ಇದ್ದವು. ಕೂಗಿದರೇನು, ಒಪ್ಪಂದದ ಕಾಗದ 2034ರ ತನಕ ಗಟ್ಟಿ.

ಇನ್ನೊಬ್ಬ ಬೇಸ್‌ಬಾಲ್ ಆಟಗಾರ ರಾಬಿನ್ಸನ್ ಕನೊನದ್ದು ಇದಕ್ಕಿಂತ ವಿಚಿತ್ರ. 10 ವರ್ಷಕ್ಕೆ 24 ಕೋಟಿ ಡಾಲರ್ ಒಪ್ಪಂದ. 2018ರಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಫ್ಯೂರೋಸೆಮೈಡ್ ಸಿಕ್ಕಿ 80 ಪಂದ್ಯ ಹೋಯಿತು, 2020ರ ನವೆಂಬರಿನಲ್ಲಿ ಸ್ಟಾನೊಜೊಲಾಲ್ ಎಂಬ ಸ್ಟೆರಾಯ್ಡ್ ಸಿಕ್ಕಿ 162 ಪಂದ್ಯ, ಅಂದರೆ ಇಡೀ 2021ರ ಸೀಸನ್ನು, ಅದರ ಜತೆ 2.4 ಕೋಟಿ ಡಾಲರ್ ಸಂಬಳ. ಆಗ ಅವನಿದ್ದ ನ್ಯೂಯಾರ್ಕ್ ಮೆಟ್ಸ್ ತಂಡದ ಅಭಿಮಾನಿಗಳಲ್ಲಿ ಬೈದವರಷ್ಟೇ ಖುಷಿಪಟ್ಟವರೂ ಇದ್ದರು: ವಯಸ್ಸಾದ ಆಟಗಾರನ ಸಂಬಳ ಉಳಿಯಿತು, ಬೇರೆಯವರನ್ನು ತರಬಹುದು! ಅಲೆಕ್ಸ್ ರಾಡ್ರಿಗೆಜ್ ಕೂಡ 2014ರ ಇಡೀ ಸೀಸನ್ ಹೊರಗೆ ಕೂತು ಸುಮಾರು 2.2 ಕೋಟಿ ಡಾಲರ್ ಕಳೆದುಕೊಂಡ, ಮರುವರ್ಷ ಬಂದು 3,000ನೇ ಹಿಟ್ ಹೊಡೆದ.

ನಮ್ಮ ಕಡೆಯ ಹುಡುಗನಿಗೆ ಇಂಥ ಕಾಗದ ಯಾವುದೂ ಇಲ್ಲ. ಪ್ರೊ ಕಬಡ್ಡಿ ಹರಾಜಿನಲ್ಲಿ ತಾರೆಗಳ ಬೆಲೆ 2 ಕೋಟಿ ರೂಪಾಯಿ ದಾಟಿರಬಹುದು, ಊರ ಹೊನಲು-ಬೆಳಕಿನ ಟೂರ್ನಮೆಂಟಿನಲ್ಲಿ ಆಡುವವನು ನಂಬಿರುವುದು ಪೊಲೀಸಿನಲ್ಲೋ ರೈಲ್ವೆಯಲ್ಲೋ ಸಿಗುವ ಕ್ರೀಡಾ ಕೋಟಾದ ಕೆಲಸವನ್ನು. ಬೇಸ್‌ಬಾಲಿನಲ್ಲಿ ಮೊದಲ ತಪ್ಪಿಗೆ ಅರ್ಧ ಸೀಸನ್. ವಿಶ್ವ ಉದ್ದೀಪನ ತಡೆ ಸಂಹಿತೆಯಡಿ, ಅಂದರೆ ನಮ್ಮ ರಾಷ್ಟ್ರೀಯ ಉದ್ದೀಪನ ತಡೆ ಸಂಸ್ಥೆ ನಾಡಾ ನಡೆಸುವ ನಿಯಮದಲ್ಲಿ, ಅನಬಾಲಿಕ್ ಸ್ಟೆರಾಯ್ಡ್‌ಗೆ ಸಾಮಾನ್ಯ ಶಿಕ್ಷೆ 4 ವರ್ಷ. ಉದ್ದೇಶ ಇರಲಿಲ್ಲ ಅಂತ ಸಾಬೀತಾದರೆ 2. ಡಬ್ಬಿಯೇ ಕಲಬೆರಕೆ ಅಂತ ತೋರಿಸಿದರೆ ಇನ್ನೂ ಇಳಿಯಬಹುದು, ಆದರೆ ತೋರಿಸುವ ಹೊಣೆ ಆಟಗಾರನದ್ದು. ಮೈಯಲ್ಲಿ ಸಿಕ್ಕಿತೆಂದರೆ ಉತ್ತರ ಹೇಳಬೇಕಾದವನು ಅವನೇ, ಅಂಗಡಿಯವನಲ್ಲ, ಜಿಮ್ ಕೋಚ್ ಅಲ್ಲ.

ಈಗ ವೇ ಡಬ್ಬಿ. ಲೇಬಲ್ ಮೇಲೆ ಮೊದಲು ಹುಡುಕಬೇಕಾದದ್ದು ಪ್ರೋಟೀನ್ ಶೇಕಡಾವಾರು ಅಲ್ಲ, ‘ಇನ್‌ಫಾರ್ಮ್ಡ್ ಸ್ಪೋರ್ಟ್’ ಅಥವಾ ‘ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್’ ಎಂಬ ಗುರುತು. ಇನ್‌ಫಾರ್ಮ್ಡ್ ಸ್ಪೋರ್ಟ್‌ನಲ್ಲಿ ಪ್ರತಿಯೊಂದು ಬ್ಯಾಚೂ ಮಾರುಕಟ್ಟೆಗೆ ಬರುವ ಮುಂಚೆ ನಿಷೇಧಿತ ವಸ್ತುಗಳಿಗಾಗಿ ಪರೀಕ್ಷೆಯಾಗುತ್ತದೆ. ಅದೇ ಸಂಸ್ಥೆಯ ‘ಇನ್‌ಫಾರ್ಮ್ಡ್ ಚಾಯ್ಸ್’ ಅಂದರೆ ಅಂಗಡಿಯಿಂದ ಆಗಾಗ ಎತ್ತಿ ನೋಡುತ್ತಾರೆ, ಅಷ್ಟೇ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಅಂಗಡಿಯವರೂ ಗೊಂದಲ ಮಾಡಿಕೊಳ್ಳುತ್ತಾರೆ. ಅಮೆರಿಕದ ಬೇಸ್‌ಬಾಲ್ ತಂಡಗಳು ಆಟಗಾರರಿಗೆ ಕೊಡುವುದು ಎನ್‌ಎಸ್‌ಎಫ್ ಗುರುತಿನ ಸಪ್ಲಿಮೆಂಟ್.

ಗುರುತು ಕಂಡಾಕ್ಷಣ ದುಡ್ಡು ಕೊಡಬೇಡಿ. ಡಬ್ಬಿಯ ತಳದಲ್ಲೋ ಮುಚ್ಚಳದ ಕೆಳಗಿನ ಅಂಚಿನಲ್ಲೋ ಬ್ಯಾಚ್ ನಂಬರ್ ಇರುತ್ತದೆ. ಅಲ್ಲೇ ನಿಂತು ಫೋನಿನಲ್ಲಿ ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಜಾಲತಾಣ ತೆರೆದು, ಬ್ರ್ಯಾಂಡು, ಸ್ವಾದ, ಬ್ಯಾಚ್ ಮೂರೂ ಹೊಂದುತ್ತವೆಯೇ ನೋಡಿ. ಚಾಕೊಲೇಟಿಗೆ ಪ್ರಮಾಣಪತ್ರ ಇದ್ದು ಮಾವಿನ ಸ್ವಾದಕ್ಕೆ ಇಲ್ಲದಿರುವುದು ಉಂಟು. ಬ್ಯಾಚ್ ಸಾಲಿನ ಮೇಲೆ ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿ: ಶಾಯಿ ಬೆರಳಿಗೆ ಹತ್ತಿದರೆ, ಅಥವಾ ಹಳೆಯ ಅಂಕಿಯ ನೆರಳು ಅಡಿಯಲ್ಲಿ ಕಂಡರೆ ವಾಪಸ್ ಇಡಿ. ಆಮದಿನ ಡಬ್ಬಿಗೆ ಆಮದುದಾರರ ಹೆಸರು, ವಿಳಾಸದ ಸ್ಟಿಕ್ಕರ್ ಇರಲೇಬೇಕು. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ 14 ಅಂಕಿಯದು. ಮೊದಲ ಅಂಕಿ 1 ಇದ್ದರೆ ಲೈಸೆನ್ಸು, 2 ಇದ್ದರೆ ಬರೀ ನೋಂದಣಿ, ಅಂದರೆ ಸಣ್ಣ ವ್ಯಾಪಾರಿಯದು. ದೇಶವೆಲ್ಲ ಮಾರುವ ದೊಡ್ಡ ಬ್ರ್ಯಾಂಡಿನ ಡಬ್ಬಿ ಮೇಲೆ 2ರಿಂದ ಶುರುವಾಗುವ ನಂಬರ್ ಇದ್ದರೆ ಅನುಮಾನ ಪಡಲು ಅಷ್ಟೇ ಸಾಕು.

ಪ್ರೋಟೀನಿನ ಲೆಕ್ಕಕ್ಕೆ ಬಂದರೆ, 33 ಗ್ರಾಂ ಸ್ಕೂಪಿನಲ್ಲಿ 24 ಗ್ರಾಂ ಪ್ರೋಟೀನ್ ಅಂದರೆ ಶೇ. 73ರ ಹತ್ತಿರ, ಕಾನ್ಸಂಟ್ರೇಟ್ (ಕಡಿಮೆ ಸೋಸಿದ ವೇ) ಡಬ್ಬಿಗೆ ಸರಿಯಾದ ಸಂಖ್ಯೆ. ಐಸೊಲೇಟ್ (ಹೆಚ್ಚು ಸೋಸಿದ ವೇ) ಅಂತ ಹೇಳಿ ಅಷ್ಟೇ ಕೊಟ್ಟರೆ ಹೆಚ್ಚಿನ ದುಡ್ಡು ದಂಡ. ಕೆಳಗೆ ಲ್ಯೂಸಿನ್ ಎಂಬ ಅಮೈನೊ ಆಮ್ಲ ನೋಡಿ: 24 ಗ್ರಾಂ ವೇಯಲ್ಲಿ ಸುಮಾರು 2.5 ಗ್ರಾಂ ಇರಬೇಕು. 2ಕ್ಕಿಂತ ಕೆಳಗಿದ್ದು, ಪದಾರ್ಥಗಳ ಸಾಲಿನಲ್ಲಿ ಗ್ಲೈಸಿನ್, ಟಾರಿನ್ ಕಂಡರೆ ಅದು ನೈಟ್ರೋಜನ್ ಲೆಕ್ಕ ಉಬ್ಬಿಸುವ ಆಟ. ಪ್ರಯೋಗಾಲಯ ನೈಟ್ರೋಜನ್ ಅಳೆದು ಪ್ರೋಟೀನ್ ಲೆಕ್ಕ ಹಾಕುತ್ತದೆ, ಅಗ್ಗದ ಅಮೈನೊ ಆಮ್ಲ ಬೆರೆಸಿದರೂ ಸಂಖ್ಯೆ ಏರುತ್ತದೆ. ಮನೆಯಲ್ಲಿ ಮಾಡುವ ಎರಡು ಪರೀಕ್ಷೆ ಎಲ್ಲರಿಗೂ ಗೊತ್ತು. ನೀರಲ್ಲಿ ಕಲಸಿ ಕುದಿಸಿದರೆ ನಿಜವಾದ ವೇ ಮೊಟ್ಟೆಯ ಬಿಳಿಯಂತೆ ಒಡೆದು ಗಂಟಾಗುತ್ತದೆ, ಅಯೋಡಿನ್ ಹನಿ ಬಿಟ್ಟರೆ ಹಿಟ್ಟಿನ ಕಲಬೆರಕೆ ಕಡುನೀಲಿಯಾಗುತ್ತದೆ. ಎರಡೂ ಚೆನ್ನಾಗಿವೆ, ಎರಡೂ ಸ್ಟೆರಾಯ್ಡ್ ಹಿಡಿಯುವುದಿಲ್ಲ. ಒಂದು ಮಿಲಿಲೀಟರ್ ಮೂತ್ರದಲ್ಲಿ ಒಂದು ಗ್ರಾಮಿನ ಶತಕೋಟಿಯ ಒಂದು ಭಾಗವನ್ನು ಹುಡುಕುವ ಯಂತ್ರದ ಮುಂದೆ ಅಡುಗೆಮನೆಯ ಬಾಣಲೆ ಏನು ಮಾಡೀತು?

ಕರಾವಳಿಗೇ ಸೇರಿದ ಇನ್ನೊಂದು ತಕರಾರು ತೇವ. ಜೂನ್ ಮಧ್ಯದಿಂದ ಸೆಪ್ಟೆಂಬರ್ ತನಕ ಕಾರವಾರದ ಗಾಳಿಯಲ್ಲಿ ಡಬ್ಬಿ ತೆರೆದಿಟ್ಟರೆ ಪುಡಿ ಗಟ್ಟಿಯಾಗುತ್ತದೆ. ಕಾನ್ಸಂಟ್ರೇಟಿನಲ್ಲಿ ಲ್ಯಾಕ್ಟೋಸ್ ಜಾಸ್ತಿ, ನೀರು ಎಳೆದುಕೊಳ್ಳುತ್ತದೆ. 2 ಕಿಲೋ ಡಬ್ಬಿ ಲಾಭ ಅನ್ನಿಸಿದರೂ ಮಳೆಗಾಲದಲ್ಲಿ 1 ಕಿಲೋ ತಗೊಳ್ಳಿ, ದಿನಕ್ಕೊಂದು ಸ್ಕೂಪಿನಂತೆ ತಿಂಗಳಲ್ಲಿ ಮುಗಿಯುತ್ತದೆ. ಸ್ಕೂಪನ್ನು ಒದ್ದೆ ಕೈಯಲ್ಲಿ ಮುಟ್ಟದೆ ಹೊರಗಿಡಿ. ಒಳಗಿರುವ ಸಿಲಿಕಾ ಪೊಟ್ಟಣ ಬಿಸಾಡಬೇಡಿ. ಸಡಿಲ ಗಂಟು ಬೆರಳಲ್ಲಿ ಪುಡಿಯಾದರೆ ತೊಂದರೆಯಿಲ್ಲ, ಹುಳಿ ವಾಸನೆ ಬಂದರೆ ಡಬ್ಬಿ ಮುಗಿಯಿತು.

ಮಾಸ್ ಗೇನರ್ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಬಹುಪಾಲು ಮಾಲ್ಟೊಡೆಕ್ಸ್‌ಟ್ರಿನ್, ಅಂದರೆ ಪಿಷ್ಟದಿಂದ ಮಾಡಿದ ಪುಡಿ. ಗಂಜಿಗೆ ಬಾಳೆಹಣ್ಣು, ಶೇಂಗಾ ಸೇರಿಸಿದರೆ ಅದೇ ಕೆಲಸ, ಕಾಲುಪಾಲು ದುಡ್ಡಿನಲ್ಲಿ. ಕ್ರಿಯಾಟಿನ್ ನಿಷೇಧಿತವಲ್ಲ, ದಿನಕ್ಕೆ 3ರಿಂದ 5 ಗ್ರಾಂ ಸಾಕು, ಸ್ವಾದವಿಲ್ಲದ ಬಿಳಿ ಪುಡಿಯನ್ನೇ ಆರಿಸಿ.

ಪ್ರಿ-ವರ್ಕೌಟ್ ಡಬ್ಬಿ ಬೇರೆಯೇ ಪ್ರಾಣಿ. ಅದರಲ್ಲಿರುವ 200–300 ಮಿಲಿಗ್ರಾಂ ಕೆಫೀನ್ ನಿಷೇಧಿತವಲ್ಲ. ಕುಡಿದ ಮೇಲೆ ಮುಖ, ಕೈ ಜುಮ್ಮೆನ್ನುವುದು ಬೀಟಾ-ಅಲನಿನ್‌ನಿಂದ, ಅದೂ ಅಪಾಯವಲ್ಲ. ಭಯ ಇರುವುದು ‘ಪ್ರೊಪ್ರೈಟರಿ ಬ್ಲೆಂಡ್’ ಎಂಬ ಎರಡು ಪದದಲ್ಲಿ. ಒಳಗೆ ಎಷ್ಟೆಷ್ಟಿದೆ ಅಂತ ಹೇಳದೆ ಒಟ್ಟು ತೂಕ ಮಾತ್ರ ಬರೆದಿರುತ್ತಾರೆ. ಮೀಥೈಲ್‌ಹೆಕ್ಸಾನಮೈನ್ ಅಥವಾ ಡಿಎಂಎಎ, ಹೈಜೆನಮೈನ್, ಸಿಬುಟ್ರಮೈನ್ ಈ ಮೂರು ನಿಷೇಧಿತ ವಸ್ತುಗಳಲ್ಲಿ ಯಾವುದಿದ್ದರೂ ಬೇಡ. ಬ್ಲೆಂಡ್ ಅಂತ ಇದ್ದು ಬ್ಯಾಚ್ ಪರೀಕ್ಷೆಯ ಗುರುತಿಲ್ಲದಿದ್ದರೆ ಪಂದ್ಯದ ಮುಂಚೆ ಒಂದು ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದು ಇಳಿಯಿರಿ.

ಗಲ್ಲೆ ಪಕ್ಕದ ‘ನ್ಯಾಚುರಲ್’ ಸಾಲಿಗೆ ನಮ್ಮ ಕೊಡುಗೆ ಅತಿ ಕಡಿಮೆ ಅಂಕ. ಎಲೆ, ಬೇರು ಅಂದಾಕ್ಷಣ ಮನೆಯವರೂ ಒಪ್ಪಿಬಿಡುತ್ತಾರೆ. ಓಟಗಾರ್ತಿ ಅಶ್ವಿನಿ ಅಕ್ಕುಂಜಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರದವರಲ್ಲ, ಕುಂದಾಪುರ ಕಡೆಯ ಸಿದ್ದಾಪುರದವರು. 2010ರ ಗುವಾಂಗ್‌ಜೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದವರು. ಮರುವರ್ಷ ಅವರ ಮಾದರಿಯಲ್ಲಿ ಮೆಥಾಂಡಿಯನೋನ್ ಎಂಬ ಸ್ಟೆರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್‌ಸೆಂಗ್‌ನಿಂದ ಬಂದದ್ದು ಎಂಬ ವಾದ ಕೇಳಿ ಇಲ್ಲಿ 1 ವರ್ಷದ ನಿಷೇಧವಷ್ಟೇ ಆಯಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು 2 ವರ್ಷಕ್ಕೆ ಏರಿಸಿತು. ಜಿನ್‌ಸೆಂಗ್ ನಿಷೇಧಿತ ಪಟ್ಟಿಯಲ್ಲಿಲ್ಲ. ಅದರ ಜತೆ ಏನು ಬಂತು ಎಂಬುದೇ ಪ್ರಶ್ನೆ, ಆ ಪ್ರಶ್ನೆಗೆ ಉತ್ತರ ಹೇಳುವ ಬ್ಯಾಚ್ ಪರೀಕ್ಷೆ ಇಂಥ ಡಬ್ಬಿಗಳಲ್ಲಿ ಕಾಣುವುದು ಅಪರೂಪ. ಒಂದೇ ಕಾರ್ಖಾನೆಯ ಒಂದೇ ಮಿಕ್ಸರಿನಲ್ಲಿ ಮೊದಲು ಹಾರ್ಮೋನ್ ಪುಡಿ, ಆಮೇಲೆ ಗಿಡಮೂಲಿಕೆ ತಿರುಗಿದರೆ ಸರಿಯಾಗಿ ತೊಳೆಯದ ಅಂಚಿನಲ್ಲಿ ಉಳಿದಷ್ಟೇ ಸಾಕು.

ಔಷಧಿ ಅಂಗಡಿಯೂ ಈ ಕಪಾಟಿನ ಮುಂದುವರಿಕೆಯೇ. ಮಳೆಗಾಲದ ಕೆಮ್ಮಿಗೆ ಕೇಳಿ ತರುವ ಸಿರಪ್ಪುಗಳು ಹಲವದರಲ್ಲಿ ಟರ್ಬುಟಲಿನ್ ಎಂಬ ನಿಷೇಧಿತ ವಸ್ತು ಇರುತ್ತದೆ. ಕ್ರಿಕೆಟಿಗ ಪೃಥ್ವಿ ಶಾಗೆ 2019ರಲ್ಲಿ 8 ತಿಂಗಳ ನಿಷೇಧ ಬಿದ್ದದ್ದು ಅದಕ್ಕೇ. ಲೇಬಲ್‌ನಲ್ಲಿ ಬ್ರೊಮ್‌ಹೆಕ್ಸಿನ್, ಗ್ವಾಯ್‌ಫೆನೆಸಿನ್ ಜತೆಗೇ ಅಡಗಿರುತ್ತದೆ, ಮೂರನೇ ಹೆಸರಿನ ತನಕ ಓದಿ. ದೇಹದಾರ್ಢ್ಯ ಸ್ಪರ್ಧೆಯ ಮುನ್ನಾದಿನ ‘ನೀರು ಇಳಿಸಲು’ ನುಂಗುವ ಮಾತ್ರೆ ಫ್ಯೂರೋಸೆಮೈಡ್, ಕನೊನ ಮೊದಲ ನಿಷೇಧಕ್ಕೆ ಕಾರಣವಾದ ಅದೇ ವಸ್ತು. ಪಂದ್ಯ ಇರಲಿ ಇಲ್ಲದಿರಲಿ, ವರ್ಷವಿಡೀ ನಿಷಿದ್ಧ. ದೇಹದ ಪೊಟ್ಯಾಸಿಯಂ ಕುಸಿದು ಹೃದಯದ ಲಯ ತಪ್ಪಿಸುವ ಮಾತ್ರೆ ಕೂಡ.

ಇನ್ನು ಮುಲಾಮು. ಒದ್ದೆ ಬನಿಯನ್ನಿನಲ್ಲಿ ಕಬಡ್ಡಿ ಆಡುವವರಿಗೆ ತೊಡೆಸಂದಿಯ ಹುಳುಕಡ್ಡಿ ಹೊಸದೇನಲ್ಲ. ಟಾಟಿಸ್ ಕೊಟ್ಟ ಕಾರಣವೂ ಹುಳುಕಡ್ಡಿಯ ಔಷಧಿಯೇ. ಇಲ್ಲಿ ಎರಡು ಹೆಸರು ಬೇರ್ಪಡಿಸಿಕೊಳ್ಳಿ. ನಮ್ಮಲ್ಲಿ ಹುಳುಕಡ್ಡಿಗೆಂದು ಮಾರುವ ಮಿಶ್ರಣ ಮುಲಾಮುಗಳಲ್ಲಿ ಇರುವುದು ಕ್ಲೊಬೆಟಸಾಲ್. ಚರ್ಮಕ್ಕೆ ಹಚ್ಚಿದರೆ ಅದು ಉದ್ದೀಪನ ನಿಯಮಕ್ಕೆ ವಿರುದ್ಧವಲ್ಲ, ಆದರೆ ಹುಳುಕಡ್ಡಿಯನ್ನು ನಾಲ್ಕು ದಿನ ಅಡಗಿಸಿ ಆಮೇಲೆ ಹರಡಿಸುತ್ತದೆ. ಕ್ಲೋಸ್ಟೆಬಾಲ್ ಅನಬಾಲಿಕ್ ಸ್ಟೆರಾಯ್ಡ್, ಇಟಲಿಯಲ್ಲಿ ಗಾಯದ ಸ್ಪ್ರೇ, ಕ್ರೀಮಿನ ರೂಪದಲ್ಲಿ ಸಿಗುತ್ತದೆ. ಟೆನಿಸ್‌ನ ಯಾನಿಕ್ ಸಿನ್ನರ್‌ಗೆ 2024ರಲ್ಲಿ ಅದು ತಗುಲಿದ್ದು ಬೆರಳು ಕೊಯ್ದುಕೊಂಡ ಫಿಸಿಯೊ ತನ್ನ ಗಾಯಕ್ಕೆ ಸ್ಪ್ರೇ ಹೊಡೆದುಕೊಂಡು ಬರಿಗೈಯಲ್ಲಿ ಮಾಲೀಶು ಮಾಡಿದ್ದರಿಂದ. 2025ರಲ್ಲಿ 3 ತಿಂಗಳ ನಿಷೇಧ. ವಿದೇಶದಿಂದ ಬಂದ ನೆಂಟರು ತಂದುಕೊಟ್ಟ ಟ್ಯೂಬನ್ನೂ ಹೆಸರು ಓದಿಯೇ ಹಚ್ಚಿ. ಔಷಧಿ ಹೆಸರು ಪರೀಕ್ಷಿಸಲು ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್ ಇದೆ, ಔಷಧಿಗೆ ಅದು ಉಪಯೋಗಕ್ಕೆ ಬರುತ್ತದೆ. ಡಬ್ಬಿಯೊಳಗೆ ಕದ್ದು ಬೆರೆತದ್ದನ್ನು ಯಾವ ಆ್ಯಪ್ಪೂ ಹೇಳಲಾರದು. ನಿಷೇಧಿತ ಪಟ್ಟಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ, ಹೋದ ವರ್ಷ ನೋಡಿದ್ದು ಈ ವರ್ಷಕ್ಕೆ ಸಾಲದು.

ದುಡ್ಡಿಗೆ ತಕ್ಕ ಮಾಲೇ? ಪರೀಕ್ಷೆಯಾದ ಬ್ಯಾಚಿನ ವೇ ಮಾತ್ರ ಹೌದು, ಅದೂ ಊಟ ಸಾಲದವರಿಗೆ. 65 ಕಿಲೋ ತೂಕದ ಆಟಗಾರನಿಗೆ ದಿನಕ್ಕೆ 90ರಿಂದ 130 ಗ್ರಾಂ ಪ್ರೋಟೀನ್ ಸಾಕು. ಒಂದು ಸ್ಕೂಪಿನ 24 ಗ್ರಾಂ ನಾಲ್ಕು ಮೊಟ್ಟೆಯಲ್ಲಿದೆ. ನೂರು ಗ್ರಾಂ ಬಂಗಡೆಯಲ್ಲಿ 19ರ ಹತ್ತಿರ, ಬ್ಯಾಚ್ ನಂಬರಿನ ರಗಳೆಯೂ ಇಲ್ಲ. ಜಿಪ್ ಪೊಟ್ಟಣದಲ್ಲಿ ಜಿಮ್ ಕೋಚ್ ತೂಗಿ ಕೊಡುವ ಪುಡಿಗೆ ಸೊನ್ನೆ ಅಂಕ. ಅದಕ್ಕೆ ಹೆಸರಿಲ್ಲ, ಬ್ಯಾಚಿಲ್ಲ, ಬಿಲ್ಲಿಲ್ಲ.

ಕೊಂಡದ್ದಾದರೆ ಇಷ್ಟು ಮಾಡಿ. ಪ್ರತಿ ಡಬ್ಬಿಯಿಂದ ಒಂದು ಸ್ಕೂಪ್ ಪುಡಿಯನ್ನು ಬೇರೆ ಕಟ್ಟಿ ಬ್ಯಾಚ್ ನಂಬರ್ ಬರೆದಿಡಿ. ಖಾಲಿ ಡಬ್ಬಿ ಬಿಸಾಡಬೇಡಿ. ತೆರೆದ ಡಬ್ಬಿಗೆ ನೀವೇ ಬೆರೆಸಿದ್ದೀರಿ ಅನ್ನಬಹುದು, ಆದ್ದರಿಂದ ವಿಚಾರಣೆಯಲ್ಲಿ ತೂಕ ಹೆಚ್ಚಿರುವುದು ಅದೇ ಬ್ಯಾಚಿನ ಸೀಲ್ ಒಡೆಯದ ಡಬ್ಬಿಗೆ. ಬ್ಯಾಚ್ ನಂಬರ್ ಕೈಯಲ್ಲಿದ್ದರೆ ಅಂಥದ್ದನ್ನು ಹುಡುಕಲು ಸಾಧ್ಯ. ಮಾದರಿ ಕೊಡುವಾಗಿನ ಫಾರ್ಮಿನಲ್ಲಿ ಹಿಂದಿನ 7 ದಿನದ ಔಷಧಿ, ಸಪ್ಲಿಮೆಂಟ್ ಕೇಳುತ್ತಾರೆ. ನಾಚಿಕೆಪಡದೆ ಎಲ್ಲವನ್ನೂ ಬರೆಸಿ, ಕೆಮ್ಮಿನ ಸಿರಪ್ಪನ್ನೂ. ಬಿಲ್ಲಿನ ಫೋಟೋ ಅಂದೇ ತೆಗೆದು ಮನೆಯವರಿಗೊಂದು ಕಳಿಸಿ, ಥರ್ಮಲ್ ಕಾಗದದ ಅಕ್ಷರ ನಮ್ಮ ಕಡೆಯ ಒಂದು ಮಳೆಗಾಲ ತಡೆಯುವುದಿಲ್ಲ.