ಸೆಕೆಂಡ್ ಹ್ಯಾಂಡ್ ಆರ್15 ವಿ3 ತಗೋತೀರಾ? ಮೊದ್ಲು ಹ್ಯಾಂಡಲ್ ತಿರುಗ್ಸಿ ನೋಡಿ

ಆರು ತಿಂಗ್ಳು ಓಡ್ಸಾಯ್ತು, ಈಗ ಬರೀಬೋದು. ಯಮಹಾ ಆರ್15 ವಿ3, 2019ರ ಗಾಡಿ, ನಾನು ಸೆಕೆಂಡ್ ಓನರ್ರು. ಇದಕ್ ಮುಂಚೆ ಇನ್ನೊಂದ್ ಗಾಡೀಲಿ ಟೋಪಿ ಹಾಕ್ಸ್ಕೊಳೋದ್ರಲ್ಲಿದ್ದೆ.

ಮೈಸೂರಲ್ಲೇ ಒಂದ್ ಅಂಗ್ಡಿ, ಹೆಸ್ರು ಬೇಡ ಬಿಡಿ. ಬರೋತನಕ ಸ್ಟಾರ್ಟ್ ಮಾಡ್ಬೇಡಿ ಅಂತ ಫೋನಲ್ಲೇ ಹೇಳಿದ್ದೆ, ಹೋಗಿ ಇಂಜಿನ್ ಹತ್ರ ಕೈ ಇಟ್ರೆ ಸುಡ್ತಾ ಇದೆ. "ಈಗ್ತಾನೆ ತೊಳ್ಸ್ಕೊಂಡ್ ಬಂದ್ವಿ ಸಾರ್" ಅಂದ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರೆ ತಾನೇ ಟೈಮಿಂಗ್ ಚೈನ್ ಸದ್ದು, ನೀಲಿ ಹೊಗೆ ಎಲ್ಲಾ ಗೊತ್ತಾಗೋದು! ಮೇಲಿನ ಪ್ಲಾಸ್ಟಿಕ್ ಕವಚ, ಅಂದ್ರೆ ಫೇರಿಂಗ್ ಮಾತ್ರ ಹೊಸ್ದು, ಪಳಪಳ ಅಂತಿತ್ತು. ಸ್ಪೋರ್ಟ್ಸ್ ಬೈಕಲ್ಲಿ ಇದೇ ಕಷ್ಟ, ಬಿದ್ದಿದ್ದು ಎದ್ದಿದ್ದು ಎಲ್ಲಾನೂ ಪ್ಲಾಸ್ಟಿಕ್ ಮುಚ್ಬಿಡತ್ತೆ. ಜೊತೇಲಿದ್ದ ಮೆಕ್ಯಾನಿಕ್ ಫ್ರೆಂಡು ಏನೂ ಮಾತಾಡ್ದೆ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗ್ಸಿ ಮೊಬೈಲ್ ಟಾರ್ಚ್ ಹಾಕಿ ಕೆಳಗಡೆ ತೋರ್ಸ್ದ. ಫ್ರೇಮಲ್ಲಿ ಹ್ಯಾಂಡಲ್ ತಡೆಯೋ ಸ್ಟಾಪರ್ ಇರತ್ತಲ್ಲ, ಒಂದ್ ಕಡೇದು ಜಜ್ಜಿ ಚಪ್ಪಟೆ ಆಗಿತ್ತು. ಅಷ್ಟು ಹೊಡ್ತ ಬಿದ್ದಿದೆ ಅಂದ್ರೆ ಫ್ರೇಮ್ ನೆಟ್ಟಗಿರತ್ತೆ ಅಂತ ಯಾರ್ ಗ್ಯಾರಂಟಿ ಕೊಡ್ತಾರೆ? ಟೀ ಕುಡ್ದು ವಾಪಸ್ ಬಂದ್ವಿ.

ಈಗಿರೋದು ಮಂಡ್ಯದ ಗಾಡಿ, ಕೆಎ 11. ಹುಡ್ಗ ಮೊದ್ಲೇ ಹೇಳ್ಬಿಟ್ಟ, "ಒಂದ್ ಕಿತ ಬಿದ್ದಿವ್ನಿ ಸಾ, ಸುಳ್ಳೇಳಕಿಲ್ಲ". ನೋಡಿದ್ರೆ ಎಡಗಡೆ ಫುಟ್‌ರೆಸ್ಟ್ ತುದಿ, ಕ್ಲಚ್ ಲಿವರ್ ತುದಿ ಸವ್ದಿತ್ತು, ಸ್ಟಾಪರ್ ಕ್ಲೀನು. ಮುಂದಿನ ಬ್ರೇಕ್ ಹಿಡ್ದು ನಾಕೈದ್ ಸಲ ಒತ್ತಿದ್ಮೇಲೆ ಫೋರ್ಕ್ (ಮುಂದಿನ ಶಾಕ್) ಪೈಪಲ್ಲಿ ಬಳೆ ಥರ ಆಯಿಲ್ ಗೆರೆ ಬಂತು, ಸೀಲ್ ಹೋಗಿದೆ ಅಂತ ಅರ್ಥ, ಅದ್ಕೇ ಮೂರ್ ಸಾವಿರ ಇಳಿಸ್ದೆ. ಹಿಂದಿನ ಟೈರ್ ಮೇಲೆ 1219 ಅಂತಿತ್ತು, 2019ರ 12ನೇ ವಾರದ್ದು, ಅಂದ್ರೆ ಗಾಡಿ ಜೊತೆ ಬಂದಿರೋ ಟೈರೇ, ಮೀಟರ್ ಹದಿನೇಳ್ ಸಾವಿರ ತೋರಿಸ್ತಿದ್ದಿದ್ದಕ್ಕೂ ತಾಳೆ ಆಯ್ತು. ಆದ್ರೆ ರಬ್ಬರ್ ಗಟ್ಟಿಯಾಗೋಗಿತ್ತು, ಬಂದ್ ತಕ್ಷಣ ಬದಲಾಯಿಸ್ದೆ. ಟ್ರಯಲ್ ನೋಡುವಾಗ 7,400 ಆರ್‌ಪಿಎಂ ದಾಟಿಸಿ, ಮೀಟರಲ್ಲಿ ವಿವಿಎ (ಜಾಸ್ತಿ ಆರ್‌ಪಿಎಂನಲ್ಲಿ ಇಂಜಿನ್ ವಾಲ್ವ್ ತೆರೆಯೋ ರೀತಿ ಬದಲಾಯಿಸೋ ವ್ಯವಸ್ಥೆ) ಅಂತ ಬಂದು ಎಳ್ತ ಜಾಸ್ತಿ ಆಗ್ಬೇಕು. ಆರ್‌ಸೀಲಿ ಫೈನಾನ್ಸ್ ಹೆಸ್ರಿದ್ರೆ ಸಾಲ ತೀರಿದೆ ಅನ್ನೋ ಎನ್‌ಒಸಿ, ಫಾರಂ 35 ಕೈಗೆ ಬರೋತನಕ ಫುಲ್ ದುಡ್ಡು ಕೊಡ್ಬೇಡಿ, ಗಾಡಿ ನಿಮ್ಮ ಹೆಸ್ರಿಗೆ ಮಾಡ್ಸೋ ಫಾರಂ 29, 30ಕ್ಕೆ ಸೈನ್ ಹಾಕಿಸ್ಕೊಳಿ, ಫೈನ್ ಬಾಕಿ ಇದ್ಯಾ ನೋಡಿ.

ತಮಾಷೆ ಏನಂದ್ರೆ 2023ರ ಆಗಸ್ಟಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಲಿ ಬೈಕ್ ಬಿಡಲ್ವಲ್ಲ, ಸ್ಪೋರ್ಟ್ಸ್ ಬೈಕ್ ತಗೊಂಡು ಮಂಡ್ಯದಿಂದ ಸರ್ವಿಸ್ ರೋಡಲ್ಲಿ ಹಂಪ್ ಎಣಿಸ್ಕೊಂಡ್ ಮನೆಗ್ ಬಂದೆ.

ಗಾಡಿ ಹೆಂಗಿದೆ ಅಂದ್ರೆ, ಚಾಮುಂಡಿ ಬೆಟ್ಟದ ತಿರುವಲ್ಲಿ ಸ್ವರ್ಗ, ಸಿಟಿ ಸಿಗ್ನಲಲ್ಲಿ ಮಣಿಕಟ್ಟು ನೋವು. ಸ್ಲಿಪ್ಪರ್ ಕ್ಲಚ್ ಮೆತ್ತಗಿರೋದು ಒಂದೇ ಸಮಾಧಾನ. ಲೀಟರ್‌ಗೆ ನಲವತ್ತರ ಮೇಲೇ ಕೊಡ್ತಿದೆ. ಹಿಂದಿನ ಸೀಟ್ ಮಾತ್ರ ಯಾರಿಗೂ ಬೇಡ. ಅಮ್ಮ ಒಂದೇ ಒಂದ್ಸಲ ದೇವರಾಜ ಮಾರ್ಕೆಟ್ ತನಕ ಕೂತ್ರು, ವಾಪಸ್ ಆಟೋದಲ್ಲಿ ಬಂದ್ರು.