ಯೂರಿನ್ ಕಲ್ಚರ್ ಮಾಡಿಸಿದ ಲ್ಯಾಬ್: ಒಳಗಿನವರಿಗೆ 5 ಸ್ಟಾರ್, ಕೌಂಟರ್‌ಗೆ 2

ಅಮ್ಮನಿಗೆ ಪದೇ ಪದೇ ಉರಿಮೂತ್ರ. ಪ್ರತಿ ಸಲ ಅಂದಾಜಿನ ಮೇಲೆ ಸಿಪ್ರೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್, ಸ್ವಲ್ಪ ದಿನ ಆರಾಮ, ಮತ್ತೆ ಅದೇ ಗೋಳು. ಈ ಸಲ ಬೇರೆ ಡಾಕ್ಟರು ಮಾತ್ರೆ ಶುರು ಮಾಡುವ ಮೊದಲೇ ಕಲ್ಚರ್ ಮತ್ತು ಸೆನ್ಸಿಟಿವಿಟಿ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆ) ಮಾಡಿಸಿ ಅಂದರು. ಆಂಟಿಬಯಾಟಿಕ್ ಹೊಟ್ಟೆಗೆ ಬಿದ್ದ ಮೇಲೆ ಕೊಟ್ಟ ಸ್ಯಾಂಪಲ್‌ನಲ್ಲಿ ಏನೂ ಬೆಳೆಯದೇ ಹೋಗಬಹುದಂತೆ.

ಮೊದಲು ಕೌಂಟರ್ ವಿಷಯ. ಡಬ್ಬಿ ಕೈಗಿಟ್ಟು ‘ತುಂಬಿಸಿ ತನ್ನಿ’ ಅಂದರು, ಅಷ್ಟೇ. ತೊಳೆದುಕೊಂಡು, ಮೊದಲು ಬರುವುದನ್ನು ಬಿಟ್ಟು ನಡುವಿನದನ್ನು ಹಿಡಿಯಬೇಕು, ಮುಚ್ಚಳದ ಒಳಭಾಗ ಮುಟ್ಟಬಾರದು ಅನ್ನುವುದನ್ನೆಲ್ಲ ಅಮ್ಮನಿಗೆ ನಾನೇ ಹೇಳಿಕೊಟ್ಟೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸೇರಿಕೊಂಡರೆ ‘ಮಿಶ್ರ ಬೆಳವಣಿಗೆ’ ಅಂತ ಬರುತ್ತದೆ, ದುಡ್ಡೂ ದಿನವೂ ದಂಡ. ನಮ್ಮ ಹಿಂದಿದ್ದ ಅಜ್ಜ ಮನೆಯಿಂದಲೇ ಡಬ್ಬಿ ತಂದಿದ್ದರು. ಎಷ್ಟು ಹೊತ್ತಿಗೆ ಹಿಡಿದದ್ದು ಅಂತ ಒಬ್ಬರೂ ಕೇಳಲಿಲ್ಲ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿದ್ದರೆ ಬ್ಯಾಕ್ಟೀರಿಯಾ ಡಬ್ಬಿಯಲ್ಲೇ ಹೆಚ್ಚಿ ಲೆಕ್ಕ ಕೆಡುತ್ತದೆ, ತಡವಾಗುವುದಾದರೆ ಫ್ರಿಜ್‌ನಲ್ಲಿಡಬೇಕು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಲು ಏನು ಕಷ್ಟವೋ.

ರಿಪೋರ್ಟ್ ತಡ ಅಂತ ಕೆಲವರು ಒಂದು ಸ್ಟಾರ್ ಕೊಟ್ಟಿದ್ದಾರೆ. ಅದು ಅನ್ಯಾಯ. ಬ್ಯಾಕ್ಟೀರಿಯಾ ಬೆಳೆಯಲು ಒಂದು ರಾತ್ರಿ ಬೇಕು, ಬೆಳೆದದ್ದನ್ನು ಔಷಧಗಳ ಎದುರು ಇಟ್ಟು ನೋಡಲು ಸಾಮಾನ್ಯವಾಗಿ ಇನ್ನೊಂದು ದಿನ.

ಬಂದ ರಿಪೋರ್ಟ್ ಮಾತ್ರ ಅಚ್ಚುಕಟ್ಟು. ಈ. ಕೋಲಿ ಅನ್ನುವ ಬ್ಯಾಕ್ಟೀರಿಯಾ, ಒಂದು ಮಿಲಿಲೀಟರ್‌ಗೆ 1 ಲಕ್ಷಕ್ಕೂ ಮೇಲೆ. ಉರಿಮೂತ್ರದ ಕೇಸುಗಳಲ್ಲಿ ಹೆಚ್ಚಿನವು ಇದರದೇ ಕೆಲಸ. ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್, ಎಂಟರೊಕಾಕಸ್ ಥರದ ಬೇರೆ ಬ್ಯಾಕ್ಟೀರಿಯಾಗಳೆಲ್ಲ ಆಮೇಲೆ. ಕೆಳಗೆ ‘ಇಎಸ್‌ಬಿಎಲ್ ಪಾಸಿಟಿವ್’, ಅಂದರೆ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಥರದ ಆಂಟಿಬಯಾಟಿಕ್‌ಗಳನ್ನು ಒಡೆದುಹಾಕುವ ಕಿಣ್ವ ಇದಕ್ಕಿದೆ. ಅಮ್ಮ ಇಷ್ಟು ದಿನ ನುಂಗಿದ್ದ ಸಿಪ್ರೋಫ್ಲಾಕ್ಸಾಸಿನ್ ಎದುರೂ ‘ಆರ್’, ಅಂದರೆ ಅದಕ್ಕೆ ಬಗ್ಗುವುದಿಲ್ಲ. ನೈಟ್ರೋಫ್ಯುರಾಂಟೊಯಿನ್, ಫಾಸ್ಫೊಮೈಸಿನ್ ಎರಡಕ್ಕೂ ‘ಎಸ್’, ಅಂದರೆ ಬಗ್ಗುತ್ತದೆ.

ಆದರೆ ಎಂಐಸಿ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ) ಕಾಲಂ ನೋಡಿ ತಲೆ ಕೆಟ್ಟಿತು. ‘ಆರ್’ ಅಂದ ಸಿಪ್ರೋಗೆ 4, ‘ಎಸ್’ ಅಂದ ನೈಟ್ರೋಫ್ಯುರಾಂಟೊಯಿನ್‌ಗೆ 16. ತಿರುವುಮುರುವಾಗಿದೆಯೇನೋ ಅಂತ ಫೋನ್ ಮಾಡಿದೆ. ಸೂಕ್ಷ್ಮಾಣುಜೀವಿ ವಿಭಾಗದ ಡಾಕ್ಟರಮ್ಮನೇ ಲೈನಿಗೆ ಬಂದರು. ಒಂದು ಔಷಧದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವಂತಿಲ್ಲ, ಪ್ರತಿಯೊಂದಕ್ಕೂ ಬೇರೆ ಗೆರೆ: ಸಿಪ್ರೋಗೆ 1 ಬಂದರೂ ‘ಆರ್’, ನೈಟ್ರೋಫ್ಯುರಾಂಟೊಯಿನ್‌ಗೆ 32 ಇದ್ದರೂ ‘ಎಸ್’ ಅಂದರು. ಈ ಎರಡನೆಯದು ಮೂತ್ರದಲ್ಲಿ ಚೆನ್ನಾಗಿ ಶೇಖರವಾಗುತ್ತದೆ, ಕಿಡ್ನಿಯ ಅಂಗಾಂಶದಲ್ಲಿ ಸಾಲದು. ‘ಜ್ವರ, ಪಕ್ಕೆ ನೋವು ಇದೆಯೇನಮ್ಮಾ? ಇದ್ದರೆ ಈ ಎಸ್ ನಂಬಿ ಕೂರಬೇಡಿ, ಡಾಕ್ಟರಿಗೆ ಹೇಳಿ’ ಅಂತ ಅವರಾಗಿಯೇ ಕೇಳಿದರು. ಇರಲಿಲ್ಲ. ಕಿಡ್ನಿ ಹೇಗಿದೆ ಅಂತ ಕ್ರಿಯಾಟಿನಿನ್ ನೋಡಿಕೊಂಡು ನಮ್ಮ ಡಾಕ್ಟರು ನೈಟ್ರೋಫ್ಯುರಾಂಟೊಯಿನ್ನನ್ನೇ ಬರೆದರು, ಉರಿ ಹೋಯಿತು.

ಕಲ್ಚರ್ ಮಾಡಿಸುವುದಿದ್ದರೆ ಇಲ್ಲಿಗೇ ಹೋಗಿ, ಸ್ಯಾಂಪಲ್ ಅಲ್ಲೇ ಕೊಡಿ. ಟಾಯ್ಲೆಟ್ ಸ್ವಚ್ಛವಾಗಿದೆ, ಚಿಲಕ ಕೂರುವುದಿಲ್ಲ, ಬಾಗಿಲು ಹಿಡಿಯಲು ಜೊತೆಗೊಬ್ಬರಿರಲಿ.