ಬುಧವಾರ ರಾತ್ರಿ 11:59: ಸ್ವಯಂ ಜೊತೆ ಏಳು ವರ್ಷ

ಒಂದು ಕೋರ್ಸ್ ಮುಗಿದ ಖುಷಿಯಲ್ಲಿ ಬರೆದ ವಿಮರ್ಶೆ ಅಲ್ಲ ಇದು. 2018ರ ಜುಲೈನಿಂದ ಸ್ವಯಂ ಅನ್ನುವ ಆನ್‌ಲೈನ್ ಕೋರ್ಸ್ ತಾಣ ಬಳಸುತ್ತಿದ್ದೇನೆ. ಹನ್ನೊಂದು ಕೋರ್ಸ್‌ಗೆ ಸೇರಿದೆ, ಆರು ಮುಗಿಸಿದೆ. ಮನೆ ಯಾದಗಿರಿಯಲ್ಲಿ. ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಜೊತೆಗೆ ಕಲಬುರಗಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಪಿಎಚ್‌ಡಿ ವಿಷಯವೂ ಇದೇ, ಪದವಿ ಮಕ್ಕಳು ಆನ್‌ಲೈನ್‌ನಲ್ಲಿ ಹೇಗೆ ಕಲಿಯುತ್ತಾರೆ ಅಂತ. ಹಾಗಾಗಿ ಓದಿದ್ದು, ಅನುಭವಿಸಿದ್ದು ಎರಡೂ ಬೆರೆತು ಬರುತ್ತವೆ.

ಹೊಸಬರಿಗೆ ಎರಡು ಮಾತು. ಸ್ವಯಂ ಕೇಂದ್ರ ಸರ್ಕಾರದ್ದು, 2017ರ ಜುಲೈ 9ರಂದು ಶುರುವಾಯಿತು. ಸೇರುವುದಕ್ಕೆ, ಪಾಠ ನೋಡುವುದಕ್ಕೆ ದುಡ್ಡಿಲ್ಲ. ಇದರಲ್ಲಿ ನಾನು ಜಾಸ್ತಿ ಬಳಸಿದ್ದು ಎನ್‌ಪಿಟಿಇಎಲ್ ಕೋರ್ಸ್‌ಗಳನ್ನು. ಅದು ಇನ್ನೂ ಹಳೆಯದು, 2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಶುರುಮಾಡಿದ ಪಾಠಗಳ ಯೋಜನೆ. ಕೋರ್ಸ್‌ಗಳು 4, 8 ಅಥವಾ 12 ವಾರದವು. ಜನವರಿಗೆ ಒಂದು ಸೆಮಿಸ್ಟರ್, ಜುಲೈಗೆ ಒಂದು. ವಾರವಾರ ಅಸೈನ್‌ಮೆಂಟ್ ಇರುತ್ತದೆ. ಕೊನೆಯ ಪರೀಕ್ಷೆಯನ್ನು ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ಅಸೈನ್‌ಮೆಂಟ್‌ಗೆ 25 ಅಂಕ, ಪರೀಕ್ಷೆಗೆ 75. ಹನ್ನೆರಡು ವಾರದ ಕೋರ್ಸ್ ಆದರೆ ಹನ್ನೆರಡರಲ್ಲಿ ಚೆನ್ನಾಗಿ ಮಾಡಿದ ಎಂಟು ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ. ಒಂದೆರಡು ವಾರ ಮನೆಯಲ್ಲಿ ಮದುವೆ, ಜ್ವರ ಅಂತ ತಪ್ಪಿದರೂ ಕೈ ಬಿಡುವುದಿಲ್ಲ ಅಂತಾಯಿತು. ಪರೀಕ್ಷೆ ಬೇಕೆಂದರೆ ಮಾತ್ರ ಫೀಸು, ನಾನು ಪ್ರತಿ ಸಲ ಕಟ್ಟಿದ್ದು 1000 ರೂಪಾಯಿ.

ಮೊದಲ ಕೋರ್ಸ್ ನಾಲ್ಕನೇ ವಾರಕ್ಕೇ ಬಿಟ್ಟೆ. ಸಂಖ್ಯಾಶಾಸ್ತ್ರದ್ದು ಅದು. ಭಾನುವಾರ ಕೂತು ಒಂದೇ ಸಮನೆ ನಾಲ್ಕು ವಿಡಿಯೊ ನೋಡುತ್ತಿದ್ದೆ. ನೋಡುವಾಗ ಎಲ್ಲಾ ತಿಳಿಯಿತು ಅನ್ನಿಸುತ್ತಿತ್ತು, ಬುಧವಾರ ಅಸೈನ್‌ಮೆಂಟ್ ತೆರೆದರೆ ಒಂದು ಲೆಕ್ಕವೂ ಕೈಗೆ ಬರುತ್ತಿರಲಿಲ್ಲ. ನನ್ನಲ್ಲೇ ಏನೋ ಕೊರತೆ ಅಂತ ಎಷ್ಟೋ ದಿನ ಬೇಜಾರು ಮಾಡಿಕೊಂಡಿದ್ದೆ. ಆಮೇಲೆ 2019ರ ಜನವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಲೇಖನ ಓದಿದೆ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸ್‌ಗಳ ಲೆಕ್ಕ ಅದು, ಬರೆದವರು ಜಸ್ಟಿನ್ ರೈಕ್ ಮತ್ತು ಹೊಸೆ ರುಯಿಪೆರೆಸ್ ವಾಲಿಯೆಂತೆ. 2017-18ರಲ್ಲಿ ಸೇರಿದವರ ಪೈಕಿ ಮುಗಿಸಿದವರು ಶೇ 3.13 ಮಾತ್ರ. ಸರ್ಟಿಫಿಕೇಟ್‌ಗೆ ದುಡ್ಡು ಕಟ್ಟಿದವರನ್ನಷ್ಟೇ ತೆಗೆದುಕೊಂಡರೆ ಶೇ 46. ದುಡ್ಡು ಕಟ್ಟಿದವರು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡವರು, ಹಾಗಾಗಿ ಫೀಸೇ ಕೋರ್ಸ್ ಮುಗಿಸುತ್ತದೆ ಅನ್ನುವ ಹಾಗಿಲ್ಲ. ಆದರೂ ಅದನ್ನು ಓದಿದ ಮೇಲೆ ನಾನು ಫೀಸು ಕಟ್ಟಿಯೇ ಕೂರುವುದು ಅಂತ ತೀರ್ಮಾನಿಸಿದೆ. ಅತಿಥಿ ಉಪನ್ಯಾಸಕರಿಗೆ ಸಾವಿರ ರೂಪಾಯಿ ಸಣ್ಣ ಮೊತ್ತ ಅಲ್ಲ. ಮುಗಿಸಿದ ಆರೂ ಕೋರ್ಸ್ ಫೀಸು ಕಟ್ಟಿದವೇ.

ವಿಡಿಯೊ ನೋಡುವ ರೀತಿಯನ್ನೂ ಬದಲಾಯಿಸಿಕೊಂಡೆ. 2014ರಲ್ಲಿ ಫಿಲಿಪ್ ಗುವೊ ಮತ್ತು ಜೊತೆಗಾರರು ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕೋರ್ಸ್ ತಾಣದ ನಾಲ್ಕು ಕೋರ್ಸ್‌ಗಳಲ್ಲಿ 69 ಲಕ್ಷ ಸಲ ವಿಡಿಯೊ ನೋಡಿದ ದಾಖಲೆ ಹಿಡಿದು ಲೆಕ್ಕ ಹಾಕಿದರು. ವಿಡಿಯೊ ಎಷ್ಟೇ ಉದ್ದ ಇರಲಿ, ಜನ ಸಾಮಾನ್ಯವಾಗಿ ಗಮನ ಕೊಟ್ಟು ನೋಡುವುದು ಹೆಚ್ಚೆಂದರೆ ಆರು ನಿಮಿಷದಷ್ಟು ಅಂತ ಗೊತ್ತಾಯಿತು. ನಾನು ನೋಡುವ ಪಾಠಗಳು ಸಾಮಾನ್ಯವಾಗಿ ಅರ್ಧ ಗಂಟೆಯವು. ಅದಕ್ಕೆ ಐದಾರು ನಿಮಿಷಕ್ಕೊಮ್ಮೆ ನಿಲ್ಲಿಸುತ್ತೇನೆ. ಫೋನ್ ಬೋರಲು ಹಾಕಿ, ಈಗ ಏನು ಹೇಳಿದರು ಅಂತ ನೋಟ್‌ಬುಕ್‌ನಲ್ಲಿ ನೆನಪಿನಿಂದ ಬರೆಯುತ್ತೇನೆ. ಮರೆತದ್ದನ್ನು ಮಾತ್ರ ಹಿಂದಕ್ಕೆ ಹೋಗಿ ನೋಡುತ್ತೇನೆ. ಇದಕ್ಕೂ ಆಧಾರ ಇದೆ. ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಕಾಲೇಜು ಹುಡುಗರಿಂದ ಒಂದು ಪಾಠ ಓದಿಸಿದರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರದೇ ಮೇಲುಗೈ. ವಾರ ಬಿಟ್ಟು ಕೇಳಿದಾಗ ಬರೆದವರಿಗೆ ಜಾಸ್ತಿ ನೆನಪಿತ್ತು. ನಾಲ್ಕು ವಿಡಿಯೊ ನೋಡಿ ಎಲ್ಲಾ ತಿಳಿಯಿತು ಅಂದುಕೊಂಡಿದ್ದೆ ಅಲ್ವಾ, ಅದು ಆ ಐದು ನಿಮಿಷದ ತಿಳಿವಳಿಕೆ.

ವಾರದ ಅಸೈನ್‌ಮೆಂಟ್ ನನಗೆ ತುಂಬ ಇಷ್ಟ ಆಗುವುದೂ ಇದಕ್ಕೇ. ಬಹಳ ಕೋರ್ಸ್‌ಗಳಲ್ಲಿ ಕೊನೆಯ ಗಡುವು ಬುಧವಾರ ರಾತ್ರಿ 11:59. ಆ ಬುಧವಾರ ನಮ್ಮ ಕಡೆ ಬೇಸಿಗೆಯಲ್ಲಿ ಸುಮ್ನೆ ಕಳೆಯುವುದಿಲ್ಲ. ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ಟವರ್ ಕೂಡ ಕೈ ಕೊಡುತ್ತದೆ. ಎರಡು ಸಲ ಉತ್ತರ ಎಲ್ಲಾ ಗುರುತು ಹಾಕಿ ಸಲ್ಲಿಸುವ ಹೊತ್ತಿಗೆ ನೆಟ್ ಹೋಯಿತು. ಈಗ ಮಂಗಳವಾರ ಸಂಜೆಗೇ ಒಂದು ಸಲ ಸಲ್ಲಿಸಿ ಇಡುತ್ತೇನೆ. ಗಡುವಿನ ಒಳಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ವಿಡಿಯೊ ಕಾಲೇಜಿನ ವೈಫೈಯಲ್ಲಿ ಡೌನ್‌ಲೋಡ್ ಮಾಡಿಕೊಂಡು ಬರುತ್ತೇನೆ.

ಈಗ ಭಾಷೆಯ ವಿಷಯ, ನನಗೆ ಹೊಟ್ಟೆಯಲ್ಲಿ ಸಂಕಟ ಆಗುವುದು ಇಲ್ಲೇ. ಕೋರ್ಸ್‌ಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಕೆಲವು ಪಾಠಗಳ ಬರಹರೂಪ ಕನ್ನಡದಲ್ಲೂ ಸಿಗುತ್ತದೆ, ಅದು ದೊಡ್ಡ ಉಪಕಾರ. ಆದರೆ ಗುರುಮಠಕಲ್, ಶಹಾಪುರ, ಸುರಪುರ ಕಡೆಯ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಅಷ್ಟೇ ಸಾಕಾಗುವುದಿಲ್ಲ. ಅವರು ದಡ್ಡರಲ್ಲ. ಪಾಠದ ಜೊತೆಗೆ ಭಾಷೆಯನ್ನೂ ಬಿಡಿಸಿಕೊಳ್ಳುವ ಎರಡು ಪಟ್ಟು ಕೆಲಸ ಅವರ ತಲೆಯ ಮೇಲೆ ಬೀಳುತ್ತದೆ.

2022ರಲ್ಲಿ ಅಂತಿಮ ವರ್ಷದ ನಾಲ್ಕು ಮಕ್ಕಳನ್ನು ಜೊತೆಗೆ ಸೇರಿಸಿಕೊಂಡು ಅದೇ ಬಿಟ್ಟುಹೋದ ಸಂಖ್ಯಾಶಾಸ್ತ್ರದ ಕೋರ್ಸ್‌ಗೆ ಮತ್ತೆ ಸೇರಿದೆ. ಪ್ರತಿ ಶನಿವಾರ ಮಧ್ಯಾಹ್ನ ಕಾಲೇಜು ಲೈಬ್ರರಿಯ ಮೂಲೆಯ ಟೇಬಲ್, ಒಂದು ಲ್ಯಾಪ್‌ಟಾಪ್, ಐದು ಜನ. ಹತ್ತು ನಿಮಿಷ ನೋಡುವುದು, ನಿಲ್ಲಿಸುವುದು, ಒಬ್ಬರು ಅದನ್ನು ಕನ್ನಡದಲ್ಲಿ ಹೇಳುವುದು. ಮೊದಲ ಎರಡು ವಾರ ನಾನೇ ಹೇಳುತ್ತಿದ್ದೆ, ಅವರು ತಲೆ ಆಡಿಸುತ್ತಿದ್ದರು. ಮೂರನೇ ವಾರ ಸ್ಟ್ಯಾಂಡರ್ಡ್ ಡೀವಿಯೇಷನ್ ಬಂತು, ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ. ನಾನು ಎಷ್ಟು ಹೇಳಿದರೂ ಮುಖಗಳಲ್ಲಿ ಬೆಳಕು ಬರಲಿಲ್ಲ. ಆಗ ಒಬ್ಬಳು ಹುಡುಗಿ ಎದ್ದು ಹೇಳಿದಳು: "ಮೇಡಂ, ನಮ್ಮಪ್ಪ ತೊಗರಿ ಮಾರ್ತಾರಲ್ಲ, ಒಂದು ತಿಂಗಳು ದರ ದಿನಾ ಹತ್ತಿರ ಹತ್ತಿರ ಇರ್ತದ. ಇನ್ನೊಂದು ತಿಂಗಳು ಇವತ್ತು ಮ್ಯಾಲ, ನಾಳೆ ಕೆಳಗ. ಸರಾಸರಿ ತೆಗೆದ್ರ ಎರಡೂ ಒಂದೇ ಬರಬಹುದು, ಆದ್ರ ಎರಡನೇ ತಿಂಗಳು ಅಪ್ಪ ನಿದ್ದೆ ಮಾಡಲ್ಲ." ಎಲ್ಲರಿಗೂ ಒಂದೇ ಏಟಿಗೆ ತಿಳಿಯಿತು. ಆ ಮೇಲೆ ನಾನು ಹೇಳುವುದನ್ನು ಕಡಿಮೆ ಮಾಡಿದೆ.

ಮೈಕೆಲ್ ಮೂರ್ ಅನ್ನುವವರು 1989ರಲ್ಲೇ ಬರೆದಿದ್ದರು, ದೂರಶಿಕ್ಷಣದಲ್ಲಿ ಮೂರು ಬಗೆಯ ಒಡನಾಟ ಇದೆ ಅಂತ. ಕಲಿಯುವವರಿಗೆ ಪಾಠದ ಜೊತೆ ಒಂದು, ಶಿಕ್ಷಕರ ಜೊತೆ ಒಂದು, ಜೊತೆಗಾರರ ಜೊತೆ ಇನ್ನೊಂದು. ಪಾಠ ಫೋನಿನಲ್ಲಿ ಸಿಗುತ್ತದೆ. ಶಿಕ್ಷಕರ ತಂಡ ಚರ್ಚಾ ವೇದಿಕೆಯಲ್ಲಿ ಸಿಗುತ್ತದೆ, ಇಂಗ್ಲಿಷಿನಲ್ಲಿ ಪ್ರಶ್ನೆ ಬರೆಯುವ ಧೈರ್ಯ ಇದ್ದರೆ. ಮೂರನೆಯದನ್ನು ನಾವೇ ಮಾಡಿಕೊಳ್ಳಬೇಕು. ಆ ಟೇಬಲ್ ಇಲ್ಲದಿದ್ದರೆ ಆ ಕೋರ್ಸ್ ನಾನೂ ಮುಗಿಸುತ್ತಿರಲಿಲ್ಲ, ಇದು ಖಂಡಿತ.

ಪರೀಕ್ಷೆ ಏಪ್ರಿಲ್‌ನಲ್ಲಿ, ಕಲಬುರಗಿಯಲ್ಲಿ. ಏಪ್ರಿಲ್‌ನ ಕಲಬುರಗಿ ಬಿಸಿಲು ಗೊತ್ತಲ್ಲ, ನಲವತ್ತು ದಾಟಿರುತ್ತದೆ. ಬೆಳಗಿನ ರೈಲು ಹತ್ತಿ, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಐದೂ ಜನ ಹೋದೆವು. ಕೇಂದ್ರದಲ್ಲಿ ಕುಡಿಯುವ ನೀರು ಮುಗಿದಿತ್ತು, ಹೆಸರು ಬೇಡ. ಬಾಟಲಿ ಒಯ್ಯಿರಿ. ಐದರಲ್ಲಿ ನಾಲ್ಕು ಜನ ಪಾಸಾದೆವು. ಒಬ್ಬ ಹುಡುಗನಿಗೆ ಪರೀಕ್ಷೆಯಲ್ಲಿ 75ಕ್ಕೆ 28 ಬಂತು, ಕನಿಷ್ಠ 30 ಬೇಕಿತ್ತು. ಅಸೈನ್‌ಮೆಂಟ್‌ಗಳಲ್ಲಿ ಅವನದೇ ಎಲ್ಲರಿಗಿಂತ ಜಾಸ್ತಿ. ಮುಂದಿನ ಸಲ ಮತ್ತೆ ಕಟ್ಟಿ ಪಾಸು ಮಾಡಿದ.

ಪಾಸಾದವರ ಕ್ರೆಡಿಟ್ (ಪದವಿಯ ಲೆಕ್ಕಕ್ಕೆ ಸೇರುವ ಅಂಕ) ವಿಷಯದಲ್ಲಿ ಮಾತ್ರ ಬಹಳ ನೋವಾಯಿತು. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2016ರಲ್ಲಿ ಸೆಮಿಸ್ಟರ್‌ನ ಶೇ 20ರಷ್ಟು ಕೋರ್ಸ್‌ಗಳನ್ನು ಸ್ವಯಂನಿಂದ ಮಾಡಬಹುದು ಅಂದಿತ್ತು, 2021ರಲ್ಲಿ ಶೇ 40ಕ್ಕೆ ಏರಿಸಿತು. ನಿಯಮ ಹೀಗಿದ್ದರೂ ಮಕ್ಕಳ ಸರ್ಟಿಫಿಕೇಟ್ ಹಿಡಿದು ನಾನು ಕಚೇರಿಯಿಂದ ಕಚೇರಿಗೆ ಅಲೆದೆ. ಸೇರುವ ಮೊದಲೇ ಒಪ್ಪಿಗೆ ಪಡೆಯಬೇಕಿತ್ತು ಅಂದರು, ಕೊನೆಗೂ ಅಂಕಪಟ್ಟಿಗೆ ಸೇರಲಿಲ್ಲ. ದಯವಿಟ್ಟು ಫೀಸು ಕಟ್ಟುವ ಮೊದಲೇ ನಿಮ್ಮ ಕಾಲೇಜಿನಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಕಾಲೇಜಿನಲ್ಲಿ ಎನ್‌ಪಿಟಿಇಎಲ್ ಲೋಕಲ್ ಚಾಪ್ಟರ್ ಅನ್ನುವ ಘಟಕ ಇದ್ದರೆ ಅದನ್ನು ನೋಡಿಕೊಳ್ಳುವ ಉಪನ್ಯಾಸಕರನ್ನು ಕೇಳಿ.

ಲಾಕ್‌ಡೌನ್ ಕಾಲದ ಅನುಭವದಿಂದ ಆನ್‌ಲೈನ್ ಅಂದರೇ ಬೇಡ ಅನ್ನುವವರು ನಮ್ಮ ಕಡೆ ಬಹಳ ಇದ್ದಾರೆ. ಅವರ ಸಿಟ್ಟು ನ್ಯಾಯವೇ. ಆದರೆ 2020ರ ಮಾರ್ಚ್‌ನಲ್ಲೇ ಚಾರ್ಲ್ಸ್ ಹಾಡ್ಜಸ್ ಮತ್ತು ಜೊತೆಗಾರರು ಅದಕ್ಕೆ ಬೇರೆ ಹೆಸರು ಕೊಟ್ಟಿದ್ದರು, ತುರ್ತು ದೂರಪಾಠ ಅಂತ. ತಿಂಗಳುಗಟ್ಟಲೆ ಯೋಚಿಸಿ ಕಟ್ಟಿದ ಆನ್‌ಲೈನ್ ಕೋರ್ಸ್ ಬೇರೆ, ಅಂದು ರಾತ್ರೋರಾತ್ರಿ ನಾವು ಮಾಡಿದ್ದು ಬೇರೆ. ನನ್ನ ತರಗತಿಯ ಒಬ್ಬಳ ಮನೆಯಲ್ಲಿ ಇದ್ದದ್ದು ಒಂದೇ ಫೋನ್, ಅದು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿತ್ತು. ಅವಳ ಪ್ರಶ್ನೆಗಳು ಬರುತ್ತಿದ್ದುದು ರಾತ್ರಿ ಹತ್ತೂವರೆಗೆ. ಅದಾದ ಮೇಲೆ ಲೈವ್ ಕ್ಲಾಸ್ ಬಿಟ್ಟು ಐದೈದು ನಿಮಿಷದ ಆಡಿಯೊ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಅಂಥ ಮನೆಗಳಿಗೆ ಸ್ವಯಂ ಪ್ರಭಾ ಟಿವಿ ವಾಹಿನಿಗಳನ್ನೂ ಹೇಳುತ್ತೇನೆ. ಡಿಡಿ ಫ್ರೀ ಡಿಶ್ ಇದ್ದರೆ ತಿಂಗಳ ಖರ್ಚಿಲ್ಲ. ದಿನಕ್ಕೆ ನಾಲ್ಕು ಗಂಟೆಯ ಹೊಸ ಪಾಠವನ್ನು ಅದೇ ದಿನ ಮತ್ತೆ ಐದು ಸಲ ತೋರಿಸುವ ಹಾಗೆ ಅದನ್ನು ಮಾಡಿದ್ದಾರೆ. ಹಗಲು ಹೊಲದ ಕೆಲಸ ಇದ್ದವರು ರಾತ್ರಿ ನೋಡಬಹುದು.

ಅಂಕ ಕೊಡಿ ಅಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಕನ್ನಡಕ್ಕಾಗಿ.

ತೊಗರಿ ದರದ ಉದಾಹರಣೆ ಕೊಟ್ಟ ಹುಡುಗಿ ಈಗ ಎಂ.ಕಾಂ. ಓದುತ್ತಿದ್ದಾಳೆ. ಊರಿಗೆ ಬಂದ ಶನಿವಾರ ಅದೇ ಲೈಬ್ರರಿ ಟೇಬಲ್‌ಗೆ ಬಂದು ಕೂರುತ್ತಾಳೆ. ಈಗಿನ ತಂಡದಲ್ಲಿ ಏಳು ಮಕ್ಕಳಿದ್ದಾರೆ. ಕನ್ನಡದಲ್ಲಿ ಹೇಳುವ ಕೆಲಸ ಅವಳದು, ಸುಸಲಾ, ಮಿರ್ಚಿ ತರಿಸುವ ಕೆಲಸ ನನ್ನದು.